ಕಡಲು ಕಾಣದ ಊರೂ ಕಡಲಿನ ಬಿರುಗಾಳಿಯೂ

ಸುಲ್ತಾನ್ ಬಜಾರಿನಲ್ಲಿ ನೆಲೆಸಿದ ನಮಗೆ ಸಮುದ್ರವು ದೂರದ ಮಾತು. ಆದರೂ 1908ರ ಸೆಪ್ಟೆಂಬರ್ 28ರಂದು ಇಲ್ಲಿಗೆ ಸಮೀಪದ ಮೂಸಿ ನದಿಯು ಉಕ್ಕಿ ಸಹಸ್ರಾರು ಜನರನ್ನು ಬಲಿಗೊಂಡುದಕ್ಕೆ ಮೂಲವು ಬಂಗಾಳ ಕೊಲ್ಲಿಯಲ್ಲಿದ್ದಿತು.

ಉಷ್ಣವಲಯದ ಬಿರುಗಾಳಿಯು ಹುಟ್ಟುವುದು ಬೆಚ್ಚನೆಯ ಕಡಲಿನ ಮೇಲೆ. ನೀರಿನ ಉಷ್ಣತೆಯು ಸಾಮಾನ್ಯವಾಗಿ 26.5 ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಿರಬಾರದು; ಆ ಬಿಸಿ ಮೇಲ್ಪದರದಲ್ಲಷ್ಟೇ ಇದ್ದರೂ ಸಾಲದು. ಆವಿಯಾಗಿ ಮೇಲೇರಿದ ನೀರು ಮೋಡವಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. (ಕಡಲು ಇಟ್ಟ ಠೇವಣಿಯನ್ನು ಆಕಾಶವು ನಗದಾಗಿಸಿಕೊಂಡಿತೆಂದು ನನ್ನ ವೃತ್ತಿಯವರು ಹೇಳಿಯಾರು.) ಅದರಿಂದ ಗಾಳಿಯು ಇನ್ನಷ್ಟು ಮೇಲೇರಿ, ಕೆಳಗೆ ವಾಯುಭಾರವು ಕುಸಿದು, ಸುತ್ತಲಿನ ತೇವದ ಗಾಳಿಯು ಒಳನುಗ್ಗುತ್ತದೆ. ಭೂಮಿಯ ಆವರ್ತನೆಯು ಅದನ್ನು ಓರೆಯಾಗಿಸುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ. ಭೂಮಧ್ಯರೇಖೆಯ ಬಳಿ ಈ ಓರೆಯು ಅತ್ಯಲ್ಪವಾದುದರಿಂದ ಅಲ್ಲಿ ಸುಳಿ ಕಟ್ಟುವುದು ಅಪರೂಪ. ಮೇಲಣ ಗಾಳಿಗೂ ಕೆಳಗಣ ಗಾಳಿಗೂ ಭೇದವು ಹೆಚ್ಚಿದ್ದರೆ ಕಟ್ಟಿದ ಸುಳಿಯೂ ಚದರುತ್ತದೆ. ಮುಂಗಾರಿನ ನಡುವೆ ಕೊಲ್ಲಿಯಲ್ಲಿ ಪ್ರಚಂಡ ಮಾರುತಗಳು ವಿರಳವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ನೆಲವನ್ನು ಸೇರಿದ ಬಳಿಕ ಆವಿಯ ಒದಗಣೆ ತಪ್ಪಿ ಗಾಳಿಯು ಸೊರಗುತ್ತದೆ. ಆದರೆ ಹೊತ್ತುತಂದ ನೀರು ಎಲ್ಲಿಯಾದರೂ ಸುರಿಯಲೇಬೇಕಷ್ಟೆ. ಆ ನೀರನ್ನು ನಗರಕ್ಕೆ ಮೊದಲೇ ತಡೆಯಲೆಂದು 1909ರಲ್ಲಿ ಇಲ್ಲಿಗೆ ಬಂದ ಎಂ. ವಿಶ್ವೇಶ್ವರಯ್ಯನವರು ಜಲಾಶಯಗಳನ್ನು ಸೂಚಿಸಿದರು. ಮೂಸಿಗೆ ಉಸ್ಮಾನ್ ಸಾಗರವೂ ಅದರ ಉಪನದಿಯಾದ ಈಸಿಗೆ ಹಿಮಾಯತ್ ಸಾಗರವೂ ಹೀಗೆ ಬಂದುವು.

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ನೆಲ ಸೇರಿದ ವಾಯುಭಾರ ಕುಸಿತವು ಅಂದೇ ಹೈದರಾಬಾದಿನ ಅನೇಕ ಬಡಾವಣೆಗಳನ್ನು ಮುಳುಗಿಸಿ, ಮುಂದೆ ನಮ್ಮವರ ಕಲಬುರಗಿಯ ಕಡೆಗೆ ಸಾಗಿತು. ಆ ಮಳೆಯ ಬಹುಭಾಗವು ಜಲಾಶಯಗಳ ಕೆಳಗೆ, ನಗರದ ನೆತ್ತಿಯ ಮೇಲೆಯೇ ಸುರಿದಿದ್ದಿತು.