ಒಂದು ಗುಂಡಿಯ ಕುಚೇಷ್ಟೆ

ಏಪ್ರಿಲ್ ಒಂದನೇ ತಾರೀಕು ಯಾರಾದ್ರೂ ಏನಾದ್ರೂ ಹೇಳಿದ್ರೆ ಎರಡು ಸಲ ಯೋಚಿಸ್ತೀವಿ. ಆದರೆ ಕೈಯಲ್ಲಿರೋ ಮೊಬೈಲನ್ನ ಅನುಮಾನಿಸ್ತೀವಾ? ಇಲ್ಲ. ಯಂತ್ರಕ್ಕೆಂಥ ತಮಾಷೆ ಅಂದುಕೊಳ್ತೀವಿ. ಯಂತ್ರಕ್ಕಿಲ್ಲ ಸ್ವಾಮಿ, ಅದನ್ನ ಮಾಡಿದವರಿಗಿದೆ!

2014ರಲ್ಲಿ ಗೂಗಲ್ ಮ್ಯಾಪ್ಸ್ ಒಂದು ಆಟ ಹೂಡಿತು. ಮೊಬೈಲಿನ ನಕ್ಷೆಯಲ್ಲಿ ಊರೂರು ಸುತ್ತಿ ಪೋಕೆಮಾನ್‌ಗಳನ್ನು ಹಿಡಿಯಬೇಕು. ಜನ ಮುಗಿಬಿದ್ದರು. ಆ ತಮಾಷೆಯ ಎಳೆಯಿಂದಲೇ 2016ರಲ್ಲಿ 'ಪೋಕೆಮಾನ್ ಗೋ' ಬಂತು, ಜಗತ್ತನ್ನೇ ಬೀದಿಗಿಳಿಸಿತು. 2015ರಲ್ಲಿ ಅದೇ ಮ್ಯಾಪ್ಸ್‌ನ ರಸ್ತೆಗಳು ಪ್ಯಾಕ್‌ಮ್ಯಾನ್ ಆಟದ ಓಣಿಗಳಾದವು. ಎಲ್ಲರೂ ನಕ್ಕರು.

ಹಾಗಾದ್ರೆ ನಗು ನಿಂತದ್ದು ಎಲ್ಲಿ?

2016ರ ಏಪ್ರಿಲ್ 1. ಜಿಮೇಲ್‌ನಲ್ಲಿ ಸೆಂಡ್ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ಕಾಣಿಸಿತು. ಹೆಸರು 'ಮೈಕ್ ಡ್ರಾಪ್'. ಒತ್ತಿದರೆ ನಿಮ್ಮ ಪತ್ರದ ಜತೆ ಮೈಕು ಕೆಳಗೆ ಬಿಸಾಡುವ ಮಿನಿಯನ್ ಗೊಂಬೆಯ ಚಿತ್ರವೂ ಹೋಗುತ್ತೆ. ಅಷ್ಟೇ ಅಲ್ಲ, ಆ ಪತ್ರಕ್ಕೆ ಬರುವ ಉತ್ತರ ನಿಮ್ಮ ಇನ್‌ಬಾಕ್ಸ್‌ನಲ್ಲಿ ಕಾಣಿಸೋದೇ ಇಲ್ಲ. 'ನನ್ನ ಮಾತು ಮುಗೀತು, ಹೊರಡಿ' ಅನ್ನೋ ಧಾಟಿ.

ಆಗ ಜಿಮೇಲ್ ಬಳಸುತ್ತಿದ್ದವರು ತಿಂಗಳಿಗೆ 100 ಕೋಟಿಗೂ ಹೆಚ್ಚು ಮಂದಿ. ಅವರೆಲ್ಲ ಗೆಳೆಯರಿಗೇ ಬರೀತಾರಾ? ಕೆಲಸಕ್ಕೆ ಅರ್ಜಿ ಹಾಕೋರಿದ್ದಾರೆ, ಸಾವಿನ ಮನೆಗೆ ಸಂತಾಪ ಬರೆಯೋರಿದ್ದಾರೆ. ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತುತ್ತೆ, ಕಣ್ಣು ನೋಡೋದಿಲ್ಲ. ಅದರ ಮೇಲೆ ತಾಂತ್ರಿಕ ದೋಷವೂ ಸೇರಿಕೊಂಡಿತು. ದೂರುಗಳು ಸುರಿದವು. ಕೆಲಸಕ್ಕೇ ಕುತ್ತು ಬಂತು ಅಂದವರೂ ಇದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಕೆಲವೇ ಗಂಟೆಗಳಲ್ಲಿ ಗೂಗಲ್ ಆ ಗುಂಡಿ ಕಿತ್ತುಹಾಕಿ ಕ್ಷಮೆ ಕೇಳಿತು.

ಇಷ್ಟು ಬೇಗ ಹಾಕೋದು, ತೆಗೆಯೋದು ಹೇಗೆ? ಆ್ಯಪ್ ಅಪ್‌ಡೇಟ್ ಆದಾಗಲೇ ಇಂಥ ತಮಾಷೆಯ ಕೋಡ್ ಸದ್ದಿಲ್ಲದೆ ನಿಮ್ಮ ಫೋನಿನೊಳಗೆ ಬಂದು ಕೂತಿರಬಹುದು. ಅದರ ಸ್ವಿಚ್ ಇರೋದು ಕಂಪನಿಯ ಸರ್ವರ್‌ನಲ್ಲಿ. ದಿನ ಬಂದಾಗ ಆನ್, ಮುಗಿದಾಗ ಆಫ್. ವೆಬ್ ಪುಟಕ್ಕಾದರೆ ಅಪ್‌ಡೇಟೂ ಬೇಡ, ಪುಟ ಮತ್ತೆ ತೆರೆದರೆ ಸಾಕು.

ಪೋಕೆಮಾನ್‌ಗೂ ಮೈಕ್ ಡ್ರಾಪ್‌ಗೂ ವ್ಯತ್ಯಾಸ ಇಲ್ಲಿದೆ ನೋಡಿ. ಮೊದಲನೆಯದರಲ್ಲಿ ಬೇಕಾದವರು ಆಡಿದರು, ಬೇಡದವರು ದಾರಿ ನೋಡಿಕೊಂಡು ಹೋದರು. ಎರಡನೆಯದು ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಿತು. ಅಲ್ಲಿ ನಕ್ಕವರು ಯಾರೋ, ತಲೆ ತಗ್ಗಿಸಿದವರು ಯಾರೋ.

ಪಾಠವನ್ನ ಕಂಪನಿಗಳೂ ಕಲಿತಂತಿದೆ. ಏಪ್ರಿಲ್ ಫೂಲ್ ಸಹವಾಸ ಬೇಡ ಅಂತ 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಸಿಬ್ಬಂದಿಗೆ ಹೇಳಿತು. 2020ರಲ್ಲಿ ಕೋವಿಡ್ ಕಾರಣಕ್ಕೆ ಗೂಗಲ್ ಕೂಡ ಕೈಬಿಟ್ಟಿತು.

ತಮಾಷೆ ನಿಂತಿರಬಹುದು. ಸ್ವಿಚ್ ಮಾತ್ರ ಅಲ್ಲೇ ಇದೆ, ವರ್ಷದ 365 ದಿನವೂ. ನಿನ್ನೆ ಇದ್ದ ಗುಂಡಿ ಇವತ್ತು ಜಾಗ ಬದಲಿಸಿದ್ದರೆ, ಕೇಳದೇ ಹೊಸದೊಂದು ಬಂದು ಕೂತಿದ್ದರೆ, ಅದು ಆ ಸ್ವಿಚ್ಚಿನದೇ ಕೆಲಸ. ಫೋನ್ ನಮ್ಮದು, ದುಡ್ಡು ಕೊಟ್ಟವರು ನಾವು. ಅದರೊಳಗಿನ ಗುಂಡಿ ಯಾರ ಕೈಯಲ್ಲಿದೆ? ಯೋಚನೆ ಮಾಡಿ.