ಅಚ್ಚಿಗೂ ಅಂಚೆಗೂ ಅಣಿಗೊಳಿಸುವ ಬಗೆ

ಶಾಲೆಯ ವಾರ್ಷಿಕ ಸಂಚಿಕೆಯು ಕೈಸೇರಿದೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಹುಡುಕುವುದು ತನ್ನ ಹೆಸರನ್ನು. ಕೆಲವು ವರ್ಷಗಳ ಹಿಂದೆ ಇಂಥದೊಂದು ಸಂಚಿಕೆಯ ಸಿದ್ಧತೆಯಲ್ಲಿ ಈ ಲೇಖಕನೂ ಪಾಲುಗೊಂಡಿದ್ದನು. ಗಣಕಯಂತ್ರದ ತೆರೆಯ ಮೇಲೆ ಪುಟಗಳೆಲ್ಲ ಅಂದವಾಗಿಯೇ ಇದ್ದುವು. ಅಚ್ಚಾಗಿ ಬಂದ ಪ್ರತಿಯಲ್ಲಿಯಾದರೋ ಬಹುಮಾನ ಪಡೆದ ಬಾಲಕಿಯೊಬ್ಬಳ ಹೆಸರಿನ ಒತ್ತಕ್ಷರವು ಕೆಳಗಿಳಿಯದೆ, ಪಕ್ಕದಲ್ಲಿ ಬೇರೆ ಅಕ್ಷರವಾಗಿ ನಿಂತು, ಹೆಸರೇ ಕೆಟ್ಟುಹೋಗಿತ್ತು. ಮುದ್ರಿಸಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರ ಕಣ್ಣಿಗೆ ಅದು ತಪ್ಪಾಗಿ ಕಾಣುವಂತೆಯೇ ಇರಲಿಲ್ಲ. ಆ ಮಗು ಮಾತಾಡದೆ ಪುಟವನ್ನು ಮುಚ್ಚಿದುದನ್ನು ಇಂದಿಗೂ ಮರೆಯಲಾಗದು.

ಗಡಿನಾಡಿನ ಕನ್ನಡಿಗರಾದ ನಾವು ಈ ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು: ನಮ್ಮ ಫೈಲು ಮುದ್ರಣಾಲಯಕ್ಕೆ ಹೋಗುವಾಗ ಅದರ ಜೊತೆಯಲ್ಲಿ ನಾವು ಹೋಗುವುದಿಲ್ಲ. ಆದುದರಿಂದ ಹೇಳಬೇಕಾದುದನ್ನೆಲ್ಲ ಆ ಫೈಲೇ ಹೇಳುವಂತಿರಬೇಕು.

ಮೊದಲು ಅಕ್ಷರಗಳ ವಿಚಾರ. ೧೮೪೩ರಲ್ಲಿ ಮಂಗಳೂರಿನಿಂದ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಕಲ್ಲಿನ ಮೇಲೆ ಮೂಡಿದ ಬರಹವೇ ಕಾಗದಕ್ಕೆ ಇಳಿಯುತ್ತಿದ್ದುದರಿಂದ ನಡುದಾರಿಯಲ್ಲಿ ಅಕ್ಷರವು ರೂಪ ಬದಲಿಸುವ ಭಯವಿರಲಿಲ್ಲ. ಗಣಕದಲ್ಲಿ ಹಾಗಲ್ಲ. ಹಳೆಯ ಬಗೆಯ ಅಕ್ಷರವಿನ್ಯಾಸಗಳಲ್ಲಿ, ಎಂದರೆ ಫಾಂಟುಗಳಲ್ಲಿ, ಕನ್ನಡದ ರೂಪಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಮುದ್ರಣಾಲಯದ ಗಣಕದಲ್ಲಿ ಅದೇ ಫಾಂಟು ಇಲ್ಲವಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಕಾಣುವುದು. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯುಂಟು. ಆದರೂ ಒತ್ತಕ್ಷರವನ್ನು ಕೆಳಗಿಳಿಸಿ ಕೂಡಿಸುವ ಕೆಲಸವು ಫಾಂಟಿಗೂ ತಂತ್ರಾಂಶಕ್ಕೂ ಸೇರಿದುದು. ಆ ತಂತ್ರಾಂಶವು ಹಳೆಯದಾಗಿದ್ದರೆ ‘ಅಕ್ಕ’ ಎಂಬುದು ‘ಅಕ್‌ಕ’ ಎಂದಾದೀತು.

ಇದಕ್ಕೆ ಪರಿಹಾರವೇನೆಂದರೆ, ಪುಟಗಳನ್ನು ಜೋಡಿಸಿದ ಮೂಲ ಫೈಲಿಗೆ ಬದಲು, ಫಾಂಟುಗಳನ್ನು ಒಳಗೇ ಅಡಕಗೊಳಿಸಿದ ಪಿಡಿಎಫ್ ಫೈಲನ್ನು ಕಳುಹಿಸುವುದು. ಮುಖಪುಟದ ದೊಡ್ಡ ಶೀರ್ಷಿಕೆಯನ್ನು ರೇಖಾಚಿತ್ರವನ್ನಾಗಿ ಪರಿವರ್ತಿಸಿಯೂ ಕಳುಹಿಸಬಹುದು; ಆಗ ಅದು ಕಲ್ಲಚ್ಚಿನ ಬರಹದಂತೆ ಕದಲದೆ ನಿಲ್ಲುವುದು. ಆದರೆ ಹಾಗೆ ಮಾಡಿದ ಮೇಲೆ ಅಕ್ಷರಗಳನ್ನು ತಿದ್ದಲಾಗದು. ಆದುದರಿಂದ ಮೂಲ ಫೈಲಿನ ಒಂದು ಪ್ರತಿಯನ್ನು ನಮ್ಮಲ್ಲಿ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

ಎರಡನೆಯದು ಚಿತ್ರ. ಒಳ್ಳೆಯ ಮುದ್ರಣಕ್ಕೆ ಅಂಗುಲವೊಂದಕ್ಕೆ ೩೦೦ ಬಿಂದುಗಳಿರಬೇಕೆಂಬುದು ರೂಢಿಯ ಲೆಕ್ಕ. ೧೨೦೦ ಬಿಂದು ಅಗಲದ ಛಾಯಾಚಿತ್ರವನ್ನು ೪ ಅಂಗುಲ ಅಗಲಕ್ಕೆ ಅಚ್ಚುಮಾಡಬಹುದು. ಅದನ್ನೇ ೮ ಅಂಗುಲಕ್ಕೆ ಹಿಗ್ಗಿಸಿದರೆ ಮುಖಗಳು ಮಸುಕಾಗುವುವು. ದೂರವಾಣಿಯಲ್ಲಿ ಸಂದೇಶವಾಗಿ ಚಿತ್ರವನ್ನು ಕಳುಹಿಸಿದಾಗ ಅದು ಸಾಮಾನ್ಯವಾಗಿ ಕುಗ್ಗಿಹೋಗುತ್ತದೆ. ಹೆತ್ತವರು ಶಾಲೆಗೆ ಚಿತ್ರ ಕಳುಹಿಸುವಾಗ ಮೂಲ ಚಿತ್ರವನ್ನೇ ದಾಖಲೆಯ ರೂಪದಲ್ಲಿ ಕಳುಹಿಸಿದರೆ ಉಪಕಾರವಾದೀತು.

ಬಣ್ಣದ ವಿಚಾರದಲ್ಲಿಯೂ ಎಚ್ಚರ ಅಗತ್ಯ. ತೆರೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರಸಿ ಬಣ್ಣವನ್ನು ತೋರಿಸುತ್ತದೆ. ಮುದ್ರಣಯಂತ್ರದಲ್ಲಿರುವುದು ಬೆಳಕಲ್ಲ, ಶಾಯಿ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ ಮತ್ತು ಕಪ್ಪು. ತೆರೆಯ ಮೇಲೆ ಥಳಥಳಿಸುವ ಹಸಿರು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಬಣ್ಣಗಳನ್ನು ಮೊದಲೇ ನಾಲ್ಕು ಶಾಯಿಗಳ ಪದ್ಧತಿಗೆ ಪರಿವರ್ತಿಸಿ ನೋಡಿದರೆ ಆಶಾಭಂಗ ತಪ್ಪುವುದು. ಸಣ್ಣ ಅಕ್ಷರಗಳನ್ನು ಕಪ್ಪು ಶಾಯಿಯೊಂದರಿಂದಲೇ ಮುದ್ರಿಸುವಂತೆ ಮಾಡಬೇಕು. ನಾಲ್ಕೂ ಶಾಯಿಗಳಿಂದ ಕಪ್ಪನ್ನು ಮಾಡಹೊರಟರೆ, ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಕನ್ನಡದ ದುಂಡು ಅಕ್ಷರಗಳ ಸುತ್ತ ನೆರಳು ಮೂಡುವುದು.

ಮೂರನೆಯದು ಪುಟದ ಅಳತೆ. ಎ೫ ಎಂಬ ಆಕಾರದ ಪುಟವು ೧೪೮ ಮಿಲಿಮೀಟರು ಅಗಲ, ೨೧೦ ಮಿಲಿಮೀಟರು ಎತ್ತರವಿರುತ್ತದೆ. ಚಿತ್ರವು ಪುಟದ ಅಂಚಿನವರೆಗೂ ಬರಬೇಕಾದರೆ ನಾಲ್ಕು ಕಡೆಗೂ ೩ ಮಿಲಿಮೀಟರು ಹೆಚ್ಚಾಗಿ ಚಾಚಿ, ೧೫೪ಕ್ಕೆ ೨೧೬ರಂತೆ ಫೈಲನ್ನು ಸಿದ್ಧಪಡಿಸಬೇಕು. ಕತ್ತರಿಸುವ ಅಲಗು ತುಸು ಸರಿದರೂ ಆಗ ಬಿಳಿಯ ಗೆರೆ ಉಳಿಯದು. ಅಕ್ಷರಗಳನ್ನು ಮಾತ್ರ ಅಂಚಿನಿಂದ ಒಳಕ್ಕೆ ಸರಿಸಿಡತಕ್ಕದ್ದು. ಒಂದು ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟಗಳಾಗುವುದರಿಂದ, ಮಡಿಸಿ ಹೊಲಿಯುವ ಪುಸ್ತಕದ ಪುಟಸಂಖ್ಯೆಯು ನಾಲ್ಕರಿಂದ ಭಾಗವಾಗುವಂತಿರಬೇಕು.

ಇನ್ನು ಅಂಚೆ. ಅಂಚೆಯ ವೆಚ್ಚವು ತೂಕವನ್ನು ಅವಲಂಬಿಸುತ್ತದೆ. ತೂಕವನ್ನು ಅಚ್ಚಿಗೆ ಮುನ್ನವೇ ಲೆಕ್ಕಹಾಕಬಹುದು. ವಿದ್ಯಾರ್ಥಿಗಳು ಇದನ್ನು ಗಣಿತದ ಅಭ್ಯಾಸವೆಂದೇ ಭಾವಿಸಲಿ. ಕಾಗದವು ೮೦ ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರಿಗೆ ೮೦ ಗ್ರಾಂ. ಎ೫ ಹಾಳೆಯ ವಿಸ್ತೀರ್ಣ ೦.೦೩೧ ಚದರ ಮೀಟರು. ತೂಕ ಸುಮಾರು ೨.೫ ಗ್ರಾಂ. ೯೬ ಪುಟಗಳೆಂದರೆ ೪೮ ಹಾಳೆ, ಸುಮಾರು ೧೧೯ ಗ್ರಾಂ. ೨೫೦ ಜಿ.ಎಸ್.ಎಂ. ಹೊದಿಕೆಯ ಎರಡು ಹಾಳೆಗಳಿಗೆ ಸುಮಾರು ೧೬ ಗ್ರಾಂ. ಒಟ್ಟು ೧೩೫ ಗ್ರಾಂ. ಅಷ್ಟೇ ಪುಟಗಳನ್ನು ಎ೪ ಆಕಾರದಲ್ಲಿ ಮುದ್ರಿಸಿದರೆ ಇದು ಇಮ್ಮಡಿಯಾಗುವುದು. ಲಕೋಟೆಯ ತೂಕವನ್ನೂ ಕೂಡಿಸಿ, ಅಂಚೆಕಚೇರಿಯಲ್ಲಿ ದರವನ್ನು ವಿಚಾರಿಸಿ, ಆ ಬಳಿಕ ಕಾಗದವನ್ನು ಗೊತ್ತುಮಾಡುವುದು ಜಾಣತನ. ನೂರಾರು ಪ್ರತಿಗಳಿಗೆ ಉಳಿಯುವ ಹಣದಿಂದ ವಾಚನಾಲಯಕ್ಕೆ ಪುಸ್ತಕ ಕೊಳ್ಳಬಹುದು.

ವಿಳಾಸಗಳ ಪಟ್ಟಿಯಲ್ಲಿ ಹೆಸರು, ಮನೆ, ಊರು, ಪಿನ್ ಸಂಖ್ಯೆ ಎಂದು ಬೇರೆ ಬೇರೆ ಅಂಕಣಗಳಿರಲಿ. ಆರು ಅಂಕಿಗಳ ಪಿನ್ ಪದ್ಧತಿಯು ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದಿತು. ಅದರ ಮೊದಲಂಕಿಯು ಅಂಚೆಯ ವಲಯವನ್ನು ಸೂಚಿಸುತ್ತದೆ: ಕರ್ನಾಟಕ ೫ರಲ್ಲಿದೆ, ಕೇರಳವೂ ತಮಿಳುನಾಡೂ ೬ರಲ್ಲಿವೆ. ಮಂಗಳೂರಿಗೂ ಕಾಸರಗೋಡಿಗೂ ದೂರ ಸ್ವಲ್ಪವೇ. ಆದರೂ ಒಂದರ ಪಿನ್ ೫೭೫ರಿಂದ, ಇನ್ನೊಂದರದು ೬೭೧ರಿಂದ ಮೊದಲಾಗುತ್ತದೆ. ಕನ್ನಡದ ವಿಳಾಸವನ್ನು ಬೇರೆ ರಾಜ್ಯದ ಅಂಚೆಯವರು ಓದಲಾರದೆ ಹೋಗಬಹುದಾದುದರಿಂದ, ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದು, ಪಿನ್ನನ್ನು ಎಲ್ಲರೂ ಬಲ್ಲ ಅಂತರರಾಷ್ಟ್ರೀಯ ಅಂಕಿಗಳಲ್ಲಿ ನಮೂದಿಸುವುದು ಲೇಸು. ನುಣುಪು ಹೊದಿಕೆಯ ಮೇಲೆ ನೇರವಾಗಿ ಬರೆದ ಶಾಯಿ ಅಳಿಸಿಹೋದೀತು. ವಿಳಾಸದ ಚೀಟಿಯನ್ನು ಅಂಟಿಸುವುದೇ ಸರಿ.

ಕಟ್ಟಕಡೆಗೆ ಒಂದು ಮಾತು. ಎಲ್ಲ ಪ್ರತಿಗಳೂ ಅಚ್ಚಾಗುವ ಮೊದಲು ಕಾಗದದ ಮೇಲೆ ಒಂದು ಕರಡನ್ನು ತರಿಸಿ, ಕನ್ನಡ ಬಲ್ಲ ಇಬ್ಬರು ಅದನ್ನು ಓದಲೇಬೇಕು. ಒಬ್ಬರು ಹಾಜರಿ ಪುಸ್ತಕವನ್ನು ಹಿಡಿದು ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನಲ್ಲಿ ನೋಡಲಿ. ಮೇಲಿನ ತರಗತಿಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ತಕ್ಕವರು. ನಮ್ಮ ಭಾಷೆಯನ್ನು ಬಲ್ಲವರು ವಿರಳವಾಗಿರುವ ಕಡೆ ಅದರ ಅಕ್ಷರವನ್ನು ಕಾಯುವ ಹೊಣೆ ನಮ್ಮದೇ. ಈ ಬಾರಿಯ ಸಂಚಿಕೆಯಲ್ಲಿ ಪ್ರತಿಯೊಂದು ಮಗುವೂ ತನ್ನ ಹೆಸರನ್ನು ಸರಿಯಾಗಿ ಕಂಡು ಹಿಗ್ಗುವಂತಾದರೆ ನಮ್ಮ ಶ್ರಮವು ಸಾರ್ಥಕವಾದಂತೆಯೇ ಸರಿ.