ಗುಂಪಿನಲ್ಲಿ ಕೊಂದವರು ಯಾರು? ಈಸೂರಿನ ಮೊಕದ್ದಮೆ

ಶಿವಮೊಗ್ಗೆ, ಭದ್ರಾವತಿಗಳಲ್ಲಿ ಈ ಪತ್ರಿಕೆಯನ್ನು ಓದುವ ತಮಗೆ ಈಸೂರಿನ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸ್ವಾತಂತ್ರ್ಯೋತ್ಸವದ ದಿನ ನಮ್ಮ ಮಕ್ಕಳು ಶಾಲೆಯ ವೇದಿಕೆಯ ಮೇಲೆ ಆ ಊರಿನ ಕಥೆಯನ್ನು ಒಪ್ಪಿಸುತ್ತಾರೆ; 'ಏಸೂರು' ಎಂಬುದಕ್ಕೆ 'ಈಸೂರ'ನ್ನು ಪ್ರಾಸಗೂಡಿಸಿದ ಘೋಷಣೆಯನ್ನು ಕೂಗಿ ಚಪ್ಪಾಳೆ ಗಿಟ್ಟಿಸುತ್ತಾರೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಐದು ಮಂದಿಯನ್ನು ನೇಣಿಗೇರಿಸಿದ ತೀರ್ಪು ನ್ಯಾಯದ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆಂದು ಕೇಳುವವರು ಕಡಮೆ. ಕೇಳಲೇಬೇಕಾದ ಪ್ರಶ್ನೆ ಅದು. ಏಕೆಂದರೆ ಅಲ್ಲಿ ಎರಡು ಕಡೆಯಲ್ಲಿಯೂ ಸತ್ತವರು ನಮ್ಮವರೇ.

ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. 1942ರ ಸೆಪ್ಟೆಂಬರಿನಲ್ಲಿ, 'ಭಾರತ ಬಿಟ್ಟು ತೊಲಗಿ' ಚಳವಳಿಯ ಕಾವಿನಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರೇಶ್ವರನ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿತು. ಕಂದಾಯ ಕೊಡುವುದಿಲ್ಲವೆಂದು ಊರು ನಿಶ್ಚಯಿಸಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರುಗಳೆಂದು ನೇಮಿಸಿಕೊಂಡರು. ಆ ತಿಂಗಳ 28ರಂದು ನಿಜವಾದ ಅಮಲ್ದಾರ ಚನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೋಲೀಸರೊಡನೆ ಊರಿಗೆ ಬಂದರು. ಗಾಂಧೀ ಟೋಪಿ ಹಾಕಿಕೊಳ್ಳಿರೆಂದು ಜನ ಹಟ ಹಿಡಿದರು. ಮಾತು ಬೆಳೆಯಿತು, ಲಾಠಿ ಎದ್ದಿತು, ಗುಂಡು ಹಾರಿತು. ಕೊನೆಗೆ ಅಧಿಕಾರಿಗಳಿಬ್ಬರೂ ಉದ್ರಿಕ್ತ ಗುಂಪಿನ ನಡುವೆ ಪ್ರಾಣ ಬಿಟ್ಟರು. ಬಳಿಕ ಸೇನೆ ಬಂದಿತು. ಊರವರು ಕಾಡು ಸೇರಿದರು. 1943ರ ಮಾರ್ಚಿಯಲ್ಲಿ, ಎಂದರೆ ಘಟನೆಯಾಗಿ ಆರು ತಿಂಗಳು ತುಂಬುವ ಮೊದಲೇ, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಇವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಶಿಕ್ಷೆ ಹೊಂದಿದವರಲ್ಲಿ ಹೆಂಗಸರೂ ಇದ್ದರು.

ರಾಜಕೀಯ ಹತ್ಯೆಯೆಂದರೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಟ್ಟುವುದು ಮುಚ್ಚಿದ ಕೋಣೆಯಲ್ಲಿ ಕುಳಿತು ಸಂಚು ಹೂಡಿದ ನಾಲ್ಕಾರು ಜನ. ಈಸೂರಿನಲ್ಲಿ ಅಂಥ ಕೋಣೆಯಿರಲಿಲ್ಲ, ಬಯಲಿತ್ತು, ಜನಸಂದಣಿಯಿತ್ತು. ಇಂಥ ಸಂದರ್ಭಕ್ಕೆಂದೇ ಇಂಡಿಯನ್ ಪೀನಲ್ ಕೋಡಿನಲ್ಲಿ 149ನೆಯ ಪ್ರಕರಣವಿತ್ತು. ಆ ಕೋಡು ಮೈಸೂರು ಸಂಸ್ಥಾನದಲ್ಲಿಯೂ ಜಾರಿಯಲ್ಲಿದ್ದಿತು. ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕಾನೂನಿಗೆ ವಿರುದ್ಧವಾದ ಒಂದೇ ಉದ್ದೇಶದಿಂದ ನೆರೆದರೆ ಅದು 'ಅಕ್ರಮ ಕೂಟ'. ಆ ಉದ್ದೇಶದ ಸಾಧನೆಗಾಗಿ ಒಬ್ಬನು ಅಪರಾಧವೆಸಗಿದರೆ, ಅಥವಾ ಹೀಗಾದೀತೆಂದು ಉಳಿದವರಿಗೆ ಗೊತ್ತಿದ್ದರೆ, ಎಲ್ಲರೂ ಆ ಅಪರಾಧಕ್ಕೆ ಹೊಣೆ. (2024ರ ಜುಲೈ 1ರಿಂದ ಇದೇ ನಿಯಮ ಭಾರತೀಯ ನ್ಯಾಯ ಸಂಹಿತೆಯ 190ನೆಯ ಪ್ರಕರಣವಾಗಿದೆ.) ಕನ್ನಡ ಮೇಷ್ಟರಾದ ನಾನು ಇಲ್ಲಿ ಒಂದು ಮಾತು ಸೇರಿಸದೆ ಇರಲಾರೆ: ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ ಹುಟ್ಟಿದಂತೆ, ಕೂಡು ಎಂಬುದರಿಂದ ಕೂಟ. ಮನಸ್ಸು ಕೂಡಿದರೂ ಕೂಟ, ಬರಿಯ ಮೈ ಕೂಡಿದರೂ ಕೂಟ. ಕಾನೂನಿಗೆ ಬೇಕಾದದ್ದು ಮೊದಲನೆಯದು. ಸಾಕ್ಷಿಯ ಕಣ್ಣಿಗೆ ಕಾಣುವುದು ಎರಡನೆಯದು.

ನಮ್ಮ ಕೋಟೆ ಮಾರಿಕಾಂಬೆಯ ಜಾತ್ರೆಯನ್ನೇ ನೆನೆದುಕೊಳ್ಳಿ. ನೂಕುನುಗ್ಗಲಿನಲ್ಲಿ ಒಂದು ಹೊಡೆದಾಟವಾಯಿತೆನ್ನೋಣ. ಹೊಡೆದವನು, ಹೊಡೆಯೆಂದು ಕೂಗಿದವನು, ಬಿಡಿಸಲು ನುಗ್ಗಿದವನು, ಏನೆಂದು ನೋಡಲು ಬಂದವನು, ನಾಲ್ವರೂ ಒಂದೇ ಮಾರುದ್ದದೊಳಗೆ ನಿಂತಿರುತ್ತಾರೆ. ಮರುವಾರ ಭದ್ರಾವತಿಯಿಂದ ಬಂದಿದ್ದ ಒಬ್ಬನನ್ನು ಸಾಕ್ಷಿಗೆ ಕರೆದರೆ ಇವರನ್ನು ಬೇರ್ಪಡಿಸಿ ಹೇಳಬಲ್ಲನೇ? ಈಸೂರಿನಲ್ಲಿ ಇಕ್ಕಟ್ಟು ಇನ್ನೂ ದೊಡ್ಡದು. ಕಣ್ಣಾರೆ ಕಂಡವರೆಂದರೆ, ಒಂದೋ ಪೆಟ್ಟು ತಿಂದು ಪಾರಾದ ಸರ್ಕಾರದ ಕಡೆಯವರು, ಇಲ್ಲವೇ ಬಾಯಿ ಬಿಟ್ಟರೆ ತಾವೇ ಆಪಾದಿತರಾದೇವೆಂಬ ಹೆದರಿಕೆಯಿದ್ದ ಊರವರು.

ಇಂಥದೇ ಮೊಕದ್ದಮೆ ಉತ್ತರದಲ್ಲಿ 20 ವರ್ಷ ಮೊದಲೇ ನಡೆದಿತ್ತು. 1922ರ ಫೆಬ್ರವರಿ 4ರಂದು ಚೌರಿಚೌರಾದಲ್ಲಿ ಗುಂಪೊಂದು ಠಾಣೆಗೆ ಬೆಂಕಿಯಿಟ್ಟು 20ಕ್ಕೂ ಹೆಚ್ಚು ಪೋಲೀಸರನ್ನು ಕೊಂದಿತು. ಗೋರಖಪುರದ ಸೆಷನ್ಸ್ ನ್ಯಾಯಾಸ್ಥಾನ 172 ಮಂದಿಗೆ ಮರಣದಂಡನೆ ವಿಧಿಸಿತು. ಮದನಮೋಹನ ಮಾಳವೀಯರು ಅಲಹಾಬಾದ್ ಹೈಕೋರ್ಟಿನಲ್ಲಿ ವಾದಿಸಿದರು. 1923ರ ಏಪ್ರಿಲಿನಲ್ಲಿ ಆ ಸಂಖ್ಯೆ 19ಕ್ಕೆ ಇಳಿಯಿತು. ಒಬ್ಬೊಬ್ಬನ ಹೆಸರನ್ನೂ ಬೇರೆಬೇರೆಯಾಗಿ ತೂಗಿದಾಗ 153 ಕೊರಳುಗಳು ಉಳಿದವು! ಈಸೂರಿನವರಿಗಾದರೋ ಮೈಸೂರು ಹೈಕೋರ್ಟಿನಿಂದಾಚೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಹೋಗುವ ಹಾದಿಯಿರಲಿಲ್ಲ. ಉಳಿದದ್ದು ಅರಸರ ಕ್ಷಮಾದಾನವೊಂದೇ. ಈ ಐವರಿಗೆ ಅದು ದೊರೆಯಲಿಲ್ಲ.

ಸಂಚಿನ ಮೊಕದ್ದಮೆಗಳಲ್ಲಿಯೂ ಈ ತೊಡಕು ತಪ್ಪದು. 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಪ್ರಮುಖ ಆರೋಪಿ ಶಿವರಾಸನ್ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. 1998ರಲ್ಲಿ ವಿಶೇಷ ನ್ಯಾಯಾಸ್ಥಾನ 26 ಮಂದಿಗೂ ಮರಣದಂಡನೆ ಕೊಟ್ಟಿತು. 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಾಲ್ವರಿಗೆ ಉಳಿಸಿ, 19 ಮಂದಿಯನ್ನು ಬಿಡುಗಡೆ ಮಾಡಿತು. ನಾಲ್ವರಲ್ಲಿ ಒಬ್ಬರಾದ ಪೇರರಿವಾಳನ್ ಬ್ಯಾಟರಿ ತಂದುಕೊಟ್ಟವರು. ಅದು ಯಾವ ಕೆಲಸಕ್ಕೆಂದು ತಿಳಿಯದೆಂಬ ಅವರ ಮಾತನ್ನು ತಾನು ಬರೆದುಕೊಳ್ಳಲಿಲ್ಲವೆಂದು ಹೇಳಿಕೆ ಪಡೆದ ಅಧಿಕಾರಿಯೇ 2013ರಲ್ಲಿ ಹೇಳಿದರು. ಪೇರರಿವಾಳನ್ ಹೊರಬಂದುದು 2022ರಲ್ಲಿ. ಜೈಲಿನಲ್ಲಿದ್ದ ಕಾರಣ ಅವರಿಗೆ ಹೊರಬರುವ ದಿನವಾದರೂ ಬಂತು.

ಈಸೂರಿನ ಅಧಿಕಾರಿಗಳ ಸಾವನ್ನು ಹಗುರವೆಂದು ನಾನು ಹೇಳುತ್ತಿಲ್ಲ. ಅವರೂ ಹೆಂಡತಿಮಕ್ಕಳ ಅನ್ನಕ್ಕಾಗಿ ನೌಕರಿ ಹಿಡಿದ ಕನ್ನಡಿಗರೇ. ನಮ್ಮ ಶಾಲಾ ನಾಟಕಗಳಲ್ಲಿ ಅವರನ್ನು ಮೀಸೆ ತಿರುವುವ ರಕ್ಕಸರನ್ನಾಗಿ ಮಾಡುವುದು ನನಗೆ ಹಿಡಿಸದು. ಕೊಲೆಯಾದುದು ದಿಟ, ವಿಚಾರಣೆ ನಡೆಯಬೇಕಾದದ್ದೂ ದಿಟ. ಆದರೆ ಅಷ್ಟು ಅವಸರದಲ್ಲಿ, ಚಳವಳಿಯನ್ನು ಅಡಗಿಸುವ ಸರ್ಕಾರದ ಹಟದ ನಡುವೆ, ಗುಂಪಿನಿಂದ ಐವರನ್ನು ಆರಿಸಿ ನೇಣಿಗೆ ಕೊಟ್ಟುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು.

ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು 1964ರಲ್ಲಿ ಮಸಾಲ್ತಿ ಎಂಬವರ ಮೊಕದ್ದಮೆಯಲ್ಲಿ, ಅಕ್ರಮ ಕೂಟದ ಸದಸ್ಯನು ಕೈಯೆತ್ತದಿದ್ದರೂ ಹೊಣೆಗಾರನೆಂಬುದನ್ನು ಎತ್ತಿಹಿಡಿಯಿತು. ಅದರ ಜೊತೆಗೇ, ಆಪಾದಿತರು ಬಹುಮಂದಿಯಿರುವಲ್ಲಿ ಒಬ್ಬನ ಮೇಲೆ ತಪ್ಪು ಹೊರಿಸಲು ಇಬ್ಬರೋ ಮೂವರೋ ಅಥವಾ ಇನ್ನೂ ಹೆಚ್ಚು ಸಾಕ್ಷಿಗಳು ಒಂದೇ ತೆರನಾಗಿ ಹೇಳಬೇಕೆಂಬ ಎಚ್ಚರಿಕೆಯ ಅಳತೆಗೋಲನ್ನೂ ಒಪ್ಪಿತು. ಇಂದಿಗೂ ಗುಂಪಿನ ಮೊಕದ್ದಮೆಗಳಲ್ಲಿ ವಕೀಲರು ಮೊದಲು ಎತ್ತಿ ತೋರಿಸುವ ತೀರ್ಪುಗಳಲ್ಲಿ ಅದೊಂದು. ಅದು ಹೊರಬಿದ್ದಾಗ ಈಸೂರಿನ ಐವರು ಸತ್ತು 21 ವರ್ಷವಾಗಿತ್ತು.